ಖುಲ್ಲಾ ಬಿಟ್ಟ ಫೈಲುಗಳು

ಕಂಪ್ಯೂಟರಿನಲ್ಲಿ ಕಾಣದ ಫೈಲೆಲ್ಲ ಅಳಿಸಿಹೋದ ಫೈಲಲ್ಲ. ಹೈಸ್ಕೂಲಿನ ಮಕ್ಕಳಿಗೂ ಗೊತ್ತಿರುವ ಈ ಮಾತು ಗುಜರಿ ಪಟ್ಟಿಗೆ ಸಹಿ ಹಾಕುವವರಿಗೆ ಮಾತ್ರ ಗೊತ್ತಿರುವುದಿಲ್ಲ.

ಹುಮನಾಬಾದಿನ ಓಂಪ್ರಕಾಶನಿಗೆ ಕಸ್ತೂರಿಬಾಯಿಯವರ ಫೋನು ಬಂದದ್ದು ಶನಿವಾರ ಬೆಳಿಗ್ಗೆ. ಮಾಣಿಕನಗರಕ್ಕೆ ಹೋಗುವ ರಸ್ತೆಯಲ್ಲಿ ಅವನದು ರಿಪೇರಿ ಅಂಗಡಿ. ಮೂವತ್ತು ವರ್ಷದಿಂದ ಕಂಪ್ಯೂಟರು ಬಿಚ್ಚಿ ಬಿಚ್ಚಿಯೇ ಕಲಿತವನು.

"ಓಮ್ಯಾ, ಮಧ್ಯಾಹ್ನ ಗುಜರಿಯವ ಬರತಾನಂತೋ. ನಮ್ಮ ಎರಡೂ ಪೆಟಗಿ ಒಯ್ತಾನಂತ. ಒಳಗ ಏನೂ ಇಲ್ಲ, ಖಾಲಿ ಅದಾವ ಅಂತ ಬರದಾರ."

ಓಂಪ್ರಕಾಶನೇ ಜೋಡಿಸಿಕೊಟ್ಟಿದ್ದ ಆ ಎರಡು ಕಂಪ್ಯೂಟರು ಪೆಟ್ಟಿಗೆಗಳಿದ್ದದ್ದು ಬಸವಕಲ್ಯಾಣದ ಒಂದು ಸಣ್ಣ ವಾಚನಾಲಯದಲ್ಲಿ. ಇಪ್ಪತ್ತು ವರ್ಷದ ಹಿಂದೆ ಅಲ್ಲಿ ಪುಸ್ತಕ ಕೊಡುವ ಕೆಲಸದಲ್ಲಿದ್ದ ಕಸ್ತೂರಿಬಾಯಿ, ರವಿವಾರ ಬಂದರೆ ಬೇಮಳಖೇಡಕ್ಕೋ ರಾಜೇಶ್ವರಕ್ಕೋ ಬಸ್ಸು ಹತ್ತಿ, ಹೊಲಗೆಲಸದ ಹೆಣ್ಣುಮಕ್ಕಳ ಜೊತೆ ಬದುವಿನ ಮೇಲೆ ಕುಳಿತು ಅವರಾಡುವ ಪದಗಳನ್ನು ಬರೆದುಕೊಂಡು ಬರುತ್ತಿದ್ದರು. ಹಗ್ಗವೊಂದಕ್ಕೇ ಶೇವಂತಾಬಾಯಿ ಎಂಬ ಕೂಲಿಯವರು ಒಂಬತ್ತು ಹೆಸರು ಹೇಳಿದ್ದರು. ಉಳಿದ ದಿನಗಳಲ್ಲಿ ಅವನ್ನು ಟೈಪು ಮಾಡುವುದು. ಒಂದು ಪದಕ್ಕೆ ಒಂದು ಫೈಲು, ಚೀಟಿ ಬರೆದ ಹಾಗೆ.

"ಎಲ್ಲಾ ಒಂದರಾಗೇ ಹೊಡೀರಿ ಅಕ್ಕಾ," ಎಂದು ಓಂಪ್ರಕಾಶ ಹೇಳಿದರೆ, "ಒಬ್ಬಾಕಿ ಮಾತು ಇನ್ನೊಬ್ಬಾಕಿ ಸೆರಗಿಗಿ ಯಾಕ ಗಂಟು ಹಾಕ್ಲಿ?" ಎನ್ನುತ್ತಿದ್ದರು. ಕರೆಂಟು ಹೋದರೆ ಇಬ್ಬರೂ ಹೊರಗಿನ ಕಟ್ಟೆಗೆ ಬಂದು ಅರ್ಧರ್ಧ ಚಹಾ ಕುಡಿಯುವುದು, ಹೊಸ ಪದದ ಅರ್ಥಕ್ಕೆ ಜಗಳಾಡುವುದು. ಅಂಥ ಜಗಳ ಅವನಿಗೆ ಮತ್ತೆಂದೂ ಸಿಗಲಿಲ್ಲ.

ಕಂಪ್ಯೂಟರಿಗೆ ಸೇರಿದ ಮೇಲೆ ಇನ್ನು ಕಾಗದವೇಕೆ ಎಂದು ಕಸ್ತೂರಿಬಾಯಿ ನೋಟುಬುಕ್ಕುಗಳನ್ನು ನೀರೊಲೆಗೆ ಹಾಕಿದರು. ಶೇವಂತಾಬಾಯಿ ಈಗಿಲ್ಲ. ಪದಗಳಿರುವುದು ಆ ಪೆಟ್ಟಿಗೆಯಲ್ಲಷ್ಟೇ.

ಓಂಪ್ರಕಾಶ ಬಸವಕಲ್ಯಾಣಕ್ಕೆ ಬಂದು ಕಸ್ತೂರಿಬಾಯಿಯವರ ಜೊತೆ ಹೋದಾಗ ವಾಚನಾಲಯದ ಕಾರ್ಯದರ್ಶಿ ಮಹಾರುದ್ರಪ್ಪ ಬಾಗಿಲಲ್ಲೇ ನಿಂತಿದ್ದರು.

"ನಾನೇ ಹಚ್ಚಿ ನೋಡೀನ್ರಿ ಓಂಪ್ರಕಾಶ. ಫೋಲ್ಡರ್ ಬೋಳು. ಸುಮ್ನ ಜಾಗಾ ಹಿಡದಾವ."

"ಯಾವ ಪೆಟಗ್ಯಾಗ ನೋಡಿದ್ರಿ?"

"ಮುಂದಿನ್ದರಾಗ. ಹಿಂದಿಂದು ಕರೀ ಪಡದಾ ಬಿಟ್ರ ಏನೂ ತೋರ್ಸಾಂಗಿಲ್ಲ."

ಮುಂದಿನದು ವಿಂಡೋಸ್ ತೊಂಬತ್ತೆಂಟು. ಕನ್ನಡ ಟೈಪಿನ ಆ ಹಳೆಯ ಸಾಫ್ಟ್‌ವೇರು ನಡೆಯುವುದು ಅದರಲ್ಲಿ ಮಾತ್ರ. ಹಿಂದಿನದು ಹಳೆಯ ಲಿನಕ್ಸು. ಫೈಲುಗಳಿರುವುದು ಅದರಲ್ಲಿ. ಅವನ್ನು ಮುಂದಿನದಕ್ಕೆ ತೋರಿಸಲು ನಡುವೆ ಒಂದು ನೀಲಿ ವೈರು, ಒಂದು ಪ್ರೋಗ್ರಾಂ. ಕರಿ ಪರದೆಯಲ್ಲಿ ಓಂಪ್ರಕಾಶ ಎರಡಕ್ಷರ ಒತ್ತಿದ. ಬಿಳಿ ಸಾಲುಗಳು ಸರಸರ ಓಡಿದವು. ಸಾವಿರದ ನೂರಾ ನಲವತ್ಮೂರು ಫೈಲು! ಮುಂದಿನ ಪೆಟ್ಟಿಗೆಯಲ್ಲಿ ಒಂದೂ ಇಲ್ಲ.

ವೈರು ಬದಲಿಸಿದ. ಒಂದೂ ಇಲ್ಲ. ಮರೆಯಲ್ಲಿಟ್ಟ ಫೈಲನ್ನೂ ತೋರಿಸೆಂದು ವಿಂಡೋಸಿಗೆ ಹೇಳಿದ. ಎಲ್ಲವೂ ಬಂದವು, ಮಸುಕುಮಸುಕಾಗಿ. ಕನ್ನಡ ಸಾಫ್ಟ್‌ವೇರು ಮಾತ್ರ ಅವನ್ನು ಕಂಡೂ ಕಾಣದಂತೆ ಕುಳಿತಿತು. ಆ ಮರೆಯ ಗುರುತನ್ನು ತೆಗೆಯಹೋದರೆ ನಿನಗೆ ಹಕ್ಕಿಲ್ಲ ಎಂದಿತು ಯಂತ್ರ. ಅಷ್ಟರಲ್ಲಿ ಗುಜರಿಯ ಟೆಂಪೋ ಬಂದು ಹಾರ್ನು ಹೊಡೆಯಿತು.

"ಯಾವ ಹುಚ್ಚಪ್ಯಾಲಿ ಇವನ್ನ ಮರಿಗಿ ಇಟ್ಟಾನ?" ಎಂದು ಗೊಣಗುತ್ತ ಓಂಪ್ರಕಾಶ ಕರಿ ಪರದೆಗೆ ಮರಳಿದ. ಪ್ರತಿ ಫೈಲಿನ ಎಡಕ್ಕೆ ಅದರ ಹಕ್ಕುಗಳ ಗುರುತು ಇರುತ್ತದೆ. ಒಂದೊಂದನ್ನೇ ಓದಿ ಅವನು ಕಸ್ತೂರಿಬಾಯಿಯವರತ್ತ ತಿರುಗಿದ.

"ಅಕ್ಕಾ, ನೀವು ರಿಟೈರ್ ಆಗೂ ದಿನ ನನಗ ಏನಂದಿದ್ರಿ?"

"ಎಲ್ಲಾ ಖುಲ್ಲಾ ಬಿಡು ಅಂದಿದ್ದೆ. ಯಾರ ಬಂದ್ರೂ ತಗೀಲಿ. ಕೂಲಿಯಾಕಿ ಮಾತಿಗಿ ಕೀಲಿ ಯಾಕ?"

"ಆ ಹುಚ್ಚಪ್ಯಾಲಿ ನಾನೇರಿ."

"ಖುಲ್ಲಾ ಬಿಟ್ರ ಕಾಣಾಂಗಿಲ್ಲ ಅಂದ್ರ ಹ್ಯಾಂಗೋ?"

"ಛೂಟ್ ಜಾಸ್ತಿ ಆತಕ್ಕಾ. ಓದಾಕ, ಬರ್ಯಾಕ ಹಕ್ಕು ಕೊಟ್ಟಿದ್ರ ಸಾಕಿತ್ತು. ಪ್ರೋಗ್ರಾಂ ಓಡಸ್ತಾರಲ್ಲ, ಹಂಗ ಓಡಾಕೂ ಕೊಟ್ಟೆ. ವಿಂಡೋಸಿಗಿ ಆ ಓಡೂ ಗುರ್ತು ಗೊತ್ತಿಲ್ಲ, ಲಿನಕ್ಸಿಗಿ ಅಡಗೂ ಗುರ್ತು ಗೊತ್ತಿಲ್ಲ. ನಡುವಿನ ಪ್ರೋಗ್ರಾಂಗ ನಾನೇ ಒಂದರ ಜಾಗಾದಾಗ ಇನ್ನೊಂದು ಇಡು ಅಂತ ಕಲಿಸಿದ್ದೆ. ಆಕಡಿ ಓಡು ಅಂದದ್ದು ಈಕಡಿ ಅಡಗು ಆತು."

ಮರುದಿನವೇ ಯಾರಾದರೂ ಒಂದು ಪದ ತೆಗೆಯಹೋಗಿದ್ದರೆ ತಪ್ಪು ಆಗಲೇ ಸಿಕ್ಕಿಬೀಳುತ್ತಿತ್ತು. ಹದಿನೇಳು ವರ್ಷ ಯಾರೂ ತೆಗೆಯಲಿಲ್ಲ. ಊರಿನ ಮಾತೆಂದರೆ ಪ್ರಾಣ ಎಂದು ವೇದಿಕೆ ಹತ್ತಿ ಎದೆ ಬಡಿದುಕೊಳ್ಳುವವರು ಕೂಡ.

ಓಂಪ್ರಕಾಶ ಒಂದೇ ಸಾಲು ಟೈಪು ಮಾಡಿ ಎಲ್ಲ ಫೈಲುಗಳ ಓಡುವ ಹಕ್ಕು ಕಿತ್ತುಕೊಂಡ. ಮುಂದಿನ ಪೆಟ್ಟಿಗೆಯಲ್ಲಿ ಅವು ಸ್ಪಷ್ಟವಾಗಿ ಮೂಡಿದವು. ಕಸ್ತೂರಿಬಾಯಿ ಕೈಗೆ ಸಿಕ್ಕ ಒಂದನ್ನು ತೆರೆದರು. "ಕಣ್ಣಿ: ಕರುವಿನ ಕೊರಳಿಗೆ ಕಟ್ಟುವ ಸಣ್ಣ ಹಗ್ಗ. ಹೇಳಿದವರು ಶೇವಂತಾಬಾಯಿ, ಬೇಮಳಖೇಡ. ಹೇಳಿ ನಕ್ಕರು." ಓದಿ ಮುಗಿಸಿದರೂ ಅವರ ಬೆರಳು ಆ ಕೊನೆಯ ಎರಡು ಪದದ ಕೆಳಗೇ ನಿಂತಿತ್ತು.

"ಗುಜರಿ ಪಟ್ಟಿಗಿ ಸಹಿ ಆಗೇದಲ್ರಿ, ಈಗ ಏನ್ ಮಾಡ್ಲಿ?" ಎಂದರು ಮಹಾರುದ್ರಪ್ಪ.

"ಹೊಡದ ಸಹಿ ಹೊಡದು ಹಾಕ್ರಿ. ಪೆನ್ನು ಬೇಕೇನು?" ಎಂದರು ಕಸ್ತೂರಿಬಾಯಿ.

ಮಹಾರುದ್ರಪ್ಪ ಹೊಡೆದು ಹಾಕಿದರು. ಓಂಪ್ರಕಾಶ ಎಲ್ಲವನ್ನೂ ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಹೊರಬಂದ. ಟೆಂಪೋದಲ್ಲಿ ಬೇರೆಲ್ಲಿಂದಲೋ ತಂದ ಮೂರು ಕಂಪ್ಯೂಟರುಗಳು ಒಂದರ ಮೇಲೊಂದು ಬಿದ್ದಿದ್ದವು.

"ಎಲ್ಲೀವು ಇವು?"

"ಯಾರಿಗಿ ಗೊತ್ತ್ರಿ? ಖಾಲಿ ಅಂದ್ರು, ಒಯ್ಯಾಕತ್ತೇನಿ."

ನಿಮ್ಮೂರಿನ ವಾಚನಾಲಯಕ್ಕೆ, ಶಾಲೆಗೆ, ಕಚೇರಿಗೆ ಈ ವಾರವೇ ಹೋಗಿ. ಗುಜರಿ ಪಟ್ಟಿ ಕೇಳಿ. ಅದರಲ್ಲಿ ಕಂಪ್ಯೂಟರಿದ್ದರೆ, ಬಲ್ಲವರನ್ನು ಕರೆಸಿ ನಿಮ್ಮೆದುರಿಗೇ ಹಚ್ಚಿಸಿ, ಒಳಗಿರುವುದನ್ನು ತೆಗೆಸುವವರೆಗೆ ಅಲ್ಲಿಂದ ಏಳಬೇಡಿ.