ಅಮ್ಮನಿಗಾಗಿ ಆರಿಸಿದ ಕ್ಯಾರವಾನ್

ಚಳಿಗಾಲ ಬಂತೆಂದರೆ ಮರಳುಗಾಡಿನಲ್ಲಿ ಕ್ಯಾಂಪ್ ಹಾಕುವುದು ಕುವೈತಿಗಳಿಗೆ ಒಂದು ಹುಚ್ಚು. ನನ್ನ ಕಚೇರಿಯ ಯಜಮಾನರು ತಮ್ಮ ಕ್ಯಾಂಪಿನ ಮೂಲೆಯಲ್ಲಿ ಒಂದು ಕ್ಯಾರವಾನ್, ಎಂದರೆ ಚಕ್ರದ ಮೇಲಿನ ಮನೆ, ನಿಲ್ಲಿಸಿಕೊಳ್ಳಿ ಎಂದಾಗ ನಾನು ಒಪ್ಪಿದ್ದು ಅಮ್ಮನಿಗಾಗಿ. ವಿಸಿಟ್ ವೀಸಾದಲ್ಲಿ ಮಂಗಳೂರಿನಿಂದ ಬಂದ ಅಮ್ಮ ಸಾಲ್ಮಿಯಾದಲ್ಲಿ ಏಳನೆಯ ಮಹಡಿಯ ನಮ್ಮ ಮನೆಯಲ್ಲಿ ಕಿಟಕಿಗೆ ಅಂಟಿಕೊಂಡು ಕೂತಿದ್ದರು. ಊರಿಗೆ ಮರಳುವ ಮೊದಲು ಕೆಲವು ಶುಕ್ರವಾರಗಳನ್ನಾದರೂ ಬಯಲಲ್ಲಿ ಕಳೆಯುವ ಆಸೆ ಅವರಿಗೆ. ಮಂಡಿನೋವಿನವರಿಗೆ ಬೇಕಾದದ್ದು ಒಂದೇ, ಕಮೋಡ್ ಇರುವ ಕಕ್ಕಸು.

ಸೀಸನ್ನಿಗೆಂದು ಬಾಡಿಗೆಗೆ ಕೊಡುವ ಕ್ಯಾರವಾನ್‌ಗಳು ಜಹ್ರಾ ಪಟ್ಟಣದ ಆಚೆ ಒಂದು ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ಅಮ್ಮನನ್ನೂ ಹೆಂಡತಿಯನ್ನೂ ಕಾರಿನಲ್ಲೇ ಕೂರಿಸಿದೆ. ಗಂಡಸರೇ ತುಂಬಿದ ಅಂಗಳದಲ್ಲಿ ಮನೆಯ ಹೆಂಗಸರನ್ನು ಇಳಿಸುವುದಿಲ್ಲ. ಅದು ನಾವು ಇಲ್ಲಿಗೆ ಬಂದ ಮೇಲೆ ಕಲಿತ ಮರ್ಯಾದೆ. "ಕ್ಲೀನ್ ಇಲ್ಲದಿದ್ರೆ ನಾನಂತೂ ಕಾಲಿಡ್ಲಿಕ್ಕಿಲ್ಲ" ಎಂದಳು ಹೆಂಡತಿ.

ಮೊದಲನೆಯದರ ಗೋಡೆಯ ಮೇಲೆ ಕುರಿಕೊಬ್ಬು ಹೆಪ್ಪುಗಟ್ಟಿತ್ತು. ಒಲೆ ಎತ್ತಿದರೆ ಜಿರಲೆಗಳ ಸಂಸಾರವೇ ಓಡಿತು. ಎರಡನೆಯದರ ಹಾಸಿಗೆಯ ಕಲೆಗಳು ಏನೆಂದು ಯೋಚಿಸಲೂ ನನಗೆ ಇಷ್ಟವಿರಲಿಲ್ಲ. ಮೂರನೆಯದರ ಕಕ್ಕಸಿನ ಬಾಗಿಲು ಕಳೆದ ಸೀಸನ್ನಿನಿಂದ ಮುಚ್ಚಿಯೇ ಇತ್ತು. ತೆರೆದದ್ದೇ ತಡ, ಇಡೀ ಬೇಸಿಗೆ ಒಳಗೇ ಬೆಂದಿದ್ದು ಮುಖಕ್ಕೆ ರಾಚಿತು. ಮೂಗು ಮುಚ್ಚಿಕೊಂಡು ಹಿಂದೆ ಸರಿದೆ. ಬಾಡಿಗೆಗೆ ಕೊಡುವವನು ಕಡ್ಡಿಯಿಂದ ಹಲ್ಲು ಕೆದಕುತ್ತ ಅದೇ ಕೈಯಲ್ಲಿ ಕಮೋಡಿನ ಮುಚ್ಚಳ ತಟ್ಟಿ, "ಧೋನೇ ಸೇ ಚಮಕೇಗಾ ಭಾಯಿ! ಯಲ್ಲಾ, ಅಂದರ್ ಆವೋ" ಎಂದ. ತೊಳೆದರೆ ಹೊಳೆಯುತ್ತದಂತೆ, ಒಳಗೆ ಬರಬೇಕಂತೆ. ಇಂಥದ್ದರಲ್ಲಿ ಮನುಷ್ಯರನ್ನು ಮಲಗಿಸುವವರ ಮೇಲೆ ಅಸಹ್ಯ ಉಕ್ಕಿತು.

ಮೂಲೆಯಲ್ಲಿದ್ದ ನಾಲ್ಕನೆಯದು ಮಾತ್ರ ಫಿನಾಯಿಲ್ ವಾಸನೆಯಲ್ಲಿ ಬೆಳ್ಳಗಿತ್ತು. ಚಕ್ರ ಕಳಚಿ ನೆಲಕ್ಕೇ ಕೂರಿಸಿದ್ದರು. ಹೊಸ್ತಿಲು ದಾಟಿದಷ್ಟು ಸುಲಭವಾಗಿ ಒಳಗೆ ಹೋದೆ. ಕಮೋಡ್ ನೋಡಿದೆ, ಮೂಸಿದೆ, ಖಲಾಸ್, ಮುಗೀತು, ಇದೇ ಎಂದೆ.

ಕ್ಯಾಂಪಿಗೆ ಎಳೆದು ತರಲು ಅದಕ್ಕೆ ಮತ್ತೆ ಚಕ್ರ ಹಾಕಿದ್ದರು. ಬಾಗಿಲು ನನ್ನ ಸೊಂಟದ ಎತ್ತರಕ್ಕೆ. ಹತ್ತಲು ಮೂರು ಕಬ್ಬಿಣದ ಪಟ್ಟಿ, ಹಿಡಿಯಲು ಏನೂ ಇಲ್ಲ. ಅಮ್ಮ ಒಂದು ಪಟ್ಟಿಯ ಮೇಲೆ ಕಾಲಿಟ್ಟು, ಮಂಡಿ ಹಿಡಿದು ಇಳಿದುಬಿಟ್ಟರು. "ಪರ್ವಾಗಿಲ್ಲ ಮಾರಾಯ, ನಂಗೆ ಹೊರಗೆ ಕೂತದ್ದೇ ಖುಷಿ" ಎಂದು ನಕ್ಕರು. ಒಂದು ಮೆಟ್ಟಿಲು ಮಾಡಿಸೋಣ ಎಂದೆ. ವಾರದ ಗಡಿಬಿಡಿಯಲ್ಲಿ ಮರೆತೆ. ಅವರ ನಗುವನ್ನು ನಂಬುವುದು ನನಗೆ ಅನುಕೂಲವೂ ಆಗಿತ್ತು.

ಮೂರನೆಯ ಶುಕ್ರವಾರ ನಾನು ಕೊಟ್ಟ ಚಹಾವನ್ನು ಅಮ್ಮ ಕುರ್ಚಿಯ ಹಿಂದೆ ಮೆಲ್ಲನೆ ಮರಳಿಗೆ ಚೆಲ್ಲುವುದನ್ನು ಕಂಡೆ.

"ಯಾಕಮ್ಮ, ಚಂದ ಆಗ್ಲಿಲ್ವಾ?"

"ಚಂದ ಉಂಟು. ಕುಡಿದ್ರೆ ಮತ್ತೆ ಹೋಗ್ಬೇಕಲ್ಲ."

"ನಾನೂ ಇವಳೂ ಹಿಡ್ಕೊಂಡು ಹತ್ತಿಸ್ತೇವೆ."

ಅಮ್ಮ ಯಜಮಾನರ ಡೇರೆಯ ಕಡೆ ನೋಡಿದರು. ಅಲ್ಲಿ ಹತ್ತು ಹನ್ನೆರಡು ಗಂಡಸರು ಬೆಂಕಿಯ ಸುತ್ತ ಕೂತಿದ್ದರು. "ಅಷ್ಟು ಜನರ ಎದುರು ನನ್ನನ್ನು ಹಿಂದಿನಿಂದ ದೂಡಿ ಹತ್ತಿಸ್ತೀಯಾ? ಬೇಡ ಮಗಾ."

"ಹಾಗಾದ್ರೆ ಬೆಳಗ್ಗಿನಿಂದ ಏನೂ ಕುಡೀಲಿಲ್ವಾ?"

"ಮೂರು ವಾರವೂ ಹಾಗೇ. ನೀನು ಅಷ್ಟು ಚಂದದ್ದು ಹುಡುಕಿ ತಂದಿದ್ದೀಯಲ್ಲ, ಏನು ಹೇಳುದು?"

ಆ ಅಂಗಳದಲ್ಲಿ ಯಾವುದರ ಮೇಲೂ ಹುಟ್ಟದಷ್ಟು ಹೇಸಿಗೆ ಆಗ ನನ್ನ ಮೇಲೆ ಹುಟ್ಟಿತು. ಅಂದು ಅಮ್ಮ ಹತ್ತೇ ಹೆಜ್ಜೆ ದೂರದಲ್ಲಿ ಕಾರಿನಲ್ಲಿದ್ದರು. ಒಮ್ಮೆ ಇಳಿದು ನೋಡಿ ಎನ್ನಲಿಲ್ಲ. ಚಕ್ರ ಹಾಕಿದರೆ ಎಷ್ಟು ಎತ್ತರ ಎಂದೂ ಕೇಳಲಿಲ್ಲ.

ಹಾಸಿದ್ದನ್ನು ಮಡಚದೆಯೇ ಹೊರಟೆವು. ಮನೆ ಸೇರಿದ್ದೇ ಅಮ್ಮ ಅಡುಗೆಮನೆಗೆ ಹೋಗಿ, ದೀಪ ಹಾಕುವಷ್ಟೂ ಕಾಯದೆ, ನಿಂತಲ್ಲೇ ಒಂದರ ಹಿಂದೊಂದು ಮೂರು ಲೋಟ ನೀರು ಕುಡಿದರು.