ಕೆಂಪು ವೃತ್ತದೊಳಗಿನ ಅನುಸೂಯಾಬಾಯಿ

ಬೀದರದ ಗಾಂಧಿ ಗಂಜ ಮಾರುಕಟ್ಟೆಯ ಹಿಂದಿನ ಓಣಿಯ ಅನುಸೂಯಾಬಾಯಿ ತೊಗರಿಬೇಳೆ ಕದಿಯುವಾಗ ಸಿಕ್ಕಿಬಿದ್ದಳು, ಆ ಅವಮಾನಕ್ಕೆ ಸತ್ತಳು, ಆಮೇಲೆ ವಾರ್ಡ್ ಚುನಾವಣೆಗೆ ನಿಂತಳು ಎಂಬ ಸುದ್ದಿ ಭಾಲ್ಕಿಯಿಂದ ಔರಾದಿನವರೆಗೆ ಹಬ್ಬಿದೆ. ಘಟನೆಗಳ ಈ ಅನುಕ್ರಮದಲ್ಲಿ ಏನೋ ತೊಡಕಿದೆ ಎಂದು ಯಾರಿಗೂ ಅನ್ನಿಸಿದಂತಿಲ್ಲ.

ಮೂರೂ ಸುಳ್ಳು. ಅನುಸೂಯಾಬಾಯಿಯವರು ಬೇಳೆಯನ್ನು ಕೊಂಡರು. ಅವರ ತಂಗಿಯ ಮಗ ಕಪಿಲ ಅದನ್ನು ಚಿತ್ರೀಕರಿಸಿದ. ಉಳಿದದ್ದೆಲ್ಲ ಎಡಿಟಿಂಗ್.

ಅಂಗನವಾಡಿ ಸಹಾಯಕಿಯಾಗಿ ದುಡಿದು ನಿವೃತ್ತರಾದ ಅನುಸೂಯಾಬಾಯಿಯವರಿಗೆ ಓಣಿಯಲ್ಲಿ ಒಂದು ಸ್ಥಾನವಿತ್ತು. ಯಾರೇ ಊರಿಗೆ ಹೊರಡಲಿ, ಬಾಗಿಲಿಗೆ ಬೀಗ ಜಡಿದು ಕೀಲಿಕೈಯನ್ನು ಅವರ ಪಡಸಾಲೆಯ ಗೋಡೆಯ ಮೊಳೆಗೆ ತೂಗುಹಾಕಿ ಹೋಗುತ್ತಿದ್ದರು. ಯಾವ ಮನೆಯದು ಯಾವ ಮೊಳೆ ಎಂಬುದು ಅವರಿಗೆ ಕತ್ತಲಲ್ಲೂ ಗೊತ್ತು. ಗಂಡ ಗೋರಖನಾಥ ಒಮ್ಮೆ ಖಾಲಿ ಮೊಳೆಯೊಂದಕ್ಕೆ ತಮ್ಮ ಟೊಪ್ಪಿಗೆ ಸಿಕ್ಕಿಸಿದ್ದಕ್ಕೆ ಅನುಸೂಯಾಬಾಯಿಯವರು ಎರಡು ಹೊತ್ತು ಮಾತು ಬಿಟ್ಟಿದ್ದರು.

ಕಪಿಲ ಒಂದು ಯೂಟ್ಯೂಬ್ ಸುದ್ದಿ ಚಾನೆಲ್‌ನ ಕ್ಯಾಮೆರಾಮನ್, ಎಡಿಟರ್ ಮತ್ತು ಅರ್ಧ ಮಾಲೀಕ. ಬೇಳೆಯ ದರ ಏರಿದೆ ಎಂಬ ಸುದ್ದಿಗೆ ಅವನಿಗೊಬ್ಬ ಗಿರಾಕಿ ಬೇಕಿತ್ತು. ದೊಡ್ಡಮ್ಮ ಅಂಗಡಿಯ ಮುಂದೆ ನಿಂತಿದ್ದರು. ಗಂಜದಲ್ಲಿ ಬೇಳೆ ಕೊಳ್ಳುವ ಎಲ್ಲರಂತೆ ಅವರೂ ತೆರೆದ ಚೀಲದೊಳಗೆ ಕೈಯಿಟ್ಟರು, ಚೆನ್ನಾಗಿ ಒಣಗಿದೆಯೇ ಎಂದು ಒಂದು ಕಾಳನ್ನು ಹಲ್ಲಿನಿಂದ ಕಡಿದು ನೋಡಿದರು, ಕೈಯನ್ನು ಸೆರಗಿಗೆ ಒರೆಸಿಕೊಂಡರು. ಕಪಿಲ ಈ ದೃಶ್ಯವನ್ನು ನಿಧಾನಗತಿಗೆ ಇಳಿಸಿದ. ಕೈಯ ಸುತ್ತ ಕೆಂಪು ವೃತ್ತ ಎಳೆದ. ಕೈ ಚೀಲದಿಂದ ಸೆರಗಿಗೆ ಸರಿಯುವ ಕ್ಷಣವನ್ನು ಮೂರು ಸಲ ತೋರಿಸಿದ. ಹಿನ್ನೆಲೆಗೆ ಎದೆಬಡಿತದ ಸದ್ದು ಕೊಟ್ಟ.

ವೃತ್ತ ತನ್ನಷ್ಟಕ್ಕೆ ಯಾರನ್ನೂ ದೂರುವುದಿಲ್ಲ. ಆದರೆ ಕೆಂಪು ವೃತ್ತ, ನಿಧಾನಗತಿ ಮತ್ತು ಎದೆಬಡಿತ ಒಟ್ಟಿಗೆ ಬಂದರೆ ನೋಡುಗ ತೀರ್ಪು ಕೊಟ್ಟೇ ಬಿಡುತ್ತಾನೆ. ಸಿಸಿಟಿವಿ ಕಳ್ಳರನ್ನು ನೋಡಿ ನೋಡಿ ಅವನಿಗೆ ಆ ಪಾಠ ಬಾಯಿಪಾಠವಾಗಿರುತ್ತದೆ.

ಮರುದಿನ ಬೆಳಿಗ್ಗೆ ಎದುರುಮನೆಯ ಕಸ್ತೂರಿಬಾಯಿ ಬಂದು, “ಅನುಸೂಯಾಬಾಯಿ, ನಮ್ಮ ಚಾವಿ ಕೊಡ್ರಿ. ಕಮಠಾಣಕ್ಕ ಹೋಗೋದು ಕ್ಯಾನ್ಸಲ್ ಆಯ್ತು” ಎಂದರು. ಸ್ವಲ್ಪ ಹೊತ್ತಿನಲ್ಲೇ ಅವರು ಕಮಠಾಣದ ಬಸ್ಸು ಹತ್ತಿದ್ದನ್ನು ಓಣಿಯೆಲ್ಲ ಕಂಡಿತು. ಸಂಜೆಯೊಳಗೆ ಗೋಡೆಯಲ್ಲಿ ಬರಿಯ ಮೊಳೆಗಳು ಉಳಿದವು.

ಅನುಸೂಯಾಬಾಯಿಯವರು ಕಪಿಲನನ್ನು ಕರೆಸಿದರು.

“ನಾ ಏನ್ ಕದ್ದೀನೋ?”

“ಕದ್ದೀದಿ ಅಂತ ನಾ ಎಲ್ಲಿ ಅಂದೀನಿ ಮೌಶಿ? ರೇಟ್ ಏರ್ಯಾದ ಅಂದೀನಿ. ಕೇಳಿ ನೋಡು.”

“ಕೇಳೋರ್ ಯಾರು? ಎಲ್ಲಾರೂ ಬರೇ ನೋಡ್ತಾರ. ನನ್ನ ಕೈಗಿ ದುಂಡ ಯಾಕ ಹಾಕಿದಿ?”

“ದುಂಡ ಹಾಕಲಿಲ್ಲಂದ್ರ ಜನಾ ನಿಲ್ಲಂಗಿಲ್ಲ ಮೌಶಿ. ಮೊನ್ನೆ ಮಳಿ ಸುದ್ದಿಗೂ ಹಾಕೀನಿ.”

“ಮಳಿ ಹಂತ್ಯಾಕ ಯಾರೂ ಚಾವಿ ಇಡಂಗಿಲ್ಲೋ! ನನ್ನ ಮರ್ಯಾದಿ ನೀ ತೆಗೆದೀದಿ, ನೀನೇ ತಂದುಕೊಡು.”

ಕಪಿಲ ಅಪರಾಧಪ್ರಜ್ಞೆಯಿಂದ ಮತ್ತು ಹೊಸ ಸಾಫ್ಟ್‌ವೇರ್‌ನಿಂದ ಕೆಲಸಕ್ಕೆ ಕೂತ. ಗೌರವ ಎದ್ದು ಕಾಣಬೇಕೆಂದು ದೊಡ್ಡಮ್ಮನ ಭಾವಚಿತ್ರದಿಂದ ಬಣ್ಣ ತೆಗೆದು ಕಪ್ಪುಬಿಳುಪು ಮಾಡಿದ. ತಲೆಯ ಹಿಂದೆ ಬೆಳಕು ಹೊಮ್ಮಿಸಿದ. ಮೇಲಿನಿಂದ ಹೂವಿನ ಎಸಳು ಉದುರಿಸಿದ. ಮೂಲೆಯಲ್ಲೊಂದು ದೀಪ ಉರಿಯಿತು, ಕೊಳಲು ಅತ್ತಿತು. ‘ಓಣಿಯ ತಾಯಿ, ಪ್ರಾಮಾಣಿಕತೆಯ ಪ್ರತಿರೂಪ’ ಎಂದು ಬರೆದು ಎಲ್ಲ ಗುಂಪುಗಳಿಗೂ ಕಳಿಸಿದ.

ಮಧ್ಯಾಹ್ನದ ಹೊತ್ತಿಗೆ ಭಾಲ್ಕಿಯಿಂದ ಒಂದು ಕ್ರೂಸರ್ ಜೀಪಿನ ತುಂಬ ನೆಂಟರು ಬಂದಿಳಿದರು. ಔರಾದಿನಲ್ಲಿದ್ದ ಅನುಸೂಯಾಬಾಯಿಯವರ ತಮ್ಮ ಪಂಢರಿ ಬಸ್‌ಸ್ಟ್ಯಾಂಡಿನಿಂದಲೇ ಅಳುತ್ತಾ ಬಂದು ಗೋರಖನಾಥರ ಕೊರಳಿಗೆ ಬಿದ್ದ.

“ಭಾವಾ, ಅಕ್ಕ ಎಲ್ಲಿ ಅದಾಳ್ರಿ? ಮುಖ ಒಮ್ಮಿ ನೋಡ್ತೇನಿ.”

“ಗಿರಣಿಗಿ ಹೋಗ್ಯಾಳ,” ಎಂದರು ಗೋರಖನಾಥ. “ಜೋಳ ಬೀಸಿಸ್ಕೊಂಡು ಬರ್ತಾಳ, ಕೂಡು.”

ಹಿಟ್ಟಿನ ಡಬ್ಬಿ ಹೊತ್ತು ಬಂದ ಅಕ್ಕನನ್ನು ಕಂಡು ಪಂಢರಿಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. “ನೀ ಸಾಯಲಿಲ್ಲಂದ್ರ ದೀಪ ಯಾಕ ಹಚ್ಯಾರ? ನಾ ಒಂದಿನದ ಪಗಾರ ಬಿಟ್ಟು ಬಂದೀನಿ!” ಕ್ರೂಸರಿನವರು ಬಂದದ್ದಕ್ಕೆ ಚಹಾ ಕುಡಿದು, ಹೊಸ ಹಿಟ್ಟಿನ ರೊಟ್ಟಿ ಉಂಡು, ಹೋಗುವಾಗ ಶವಕ್ಕೆಂದು ತಂದಿದ್ದ ಹೂಮಾಲೆಯನ್ನು ಮರಳಿ ಒಯ್ದರು.

ಬದುಕಿದ್ದಾರೆ ಎಂದು ಸಾರುವುದು ಈಗ ಅನಿವಾರ್ಯವಾಯಿತು. ಕಪಿಲ ಬಣ್ಣವನ್ನು ಮರಳಿ ತಂದ, ಅಗತ್ಯಕ್ಕಿಂತ ತುಸು ಹೆಚ್ಚೇ ತಂದ. ದೊಡ್ಡಮ್ಮ ಕೈಮುಗಿದು ನಗುತ್ತ ಕ್ಯಾಮೆರಾದ ಕಡೆಗೆ ನಡೆದು ಬಂದರು, ಹಲಗೆ ವಾದ್ಯದ ಸದ್ದು ಮೊಳಗಿತು. ಅವರ ಬೆನ್ನಿಗೆ ಓಣಿಯೇ ನಿಂತಿದೆ ಎಂದು ತೋರಿಸಲು ಕೆಳಗೆ ನೆರೆಹೊರೆಯವರ ಮುಖಗಳನ್ನು ಸಣ್ಣ ಸಣ್ಣ ದುಂಡು ಚೌಕಟ್ಟುಗಳಲ್ಲಿ ಸಾಲಾಗಿ ಜೋಡಿಸಿದ. ಊರಿನ ಪ್ರತಿ ಸರ್ಕಲ್ಲಿನ ಫ್ಲೆಕ್ಸ್‌ಗಳಲ್ಲಿ ಇಂಥ ಜೋಡಣೆಗೆ ಒಂದೇ ಅರ್ಥವಿರುತ್ತದೆ. ಮರುದಿನ ಬಾಗಿಲು ತೆಗೆದಾಗ ಚರಂಡಿ, ನಳ ಮತ್ತು ಬೀದಿದೀಪದ ಅಹವಾಲುಗಳು ಕಟ್ಟೆಯ ಮೇಲೆ ಸರದಿಯಲ್ಲಿ ಕೂತಿದ್ದವು. ಕಸ್ತೂರಿಬಾಯಿಯ ದೂರು ಬೇರೆಯೇ ಇತ್ತು.

“ಎಲ್ಲಾರ್ಕಿಂತ ನನ್ನ ಫೋಟೊನೇ ಯಾಕ ಸಣ್ಣದ್ರಿ? ನಾ ನಿಮಗ ಓಟ್ ಹಾಕಂಗಿಲ್ಲೇನು?”

“ನಾ ನಿಂತೇ ಇಲ್ಲವ್ವಾ!”

“ಮೊದಲ ಎಲ್ಲಾರೂ ಹಂಗೇ ಅಂತಾರ್ರಿ.”

ಅನುಸೂಯಾಬಾಯಿಯವರು ಕಪಿಲನನ್ನು ಮತ್ತೆ ಕರೆಸಿ, ಮೊಬೈಲನ್ನು ಕಿಟಕಿಯ ಮೇಲಿಡಿಸಿ, ಅವನ ಎರಡೂ ಕೈಗಳನ್ನು ಬೆನ್ನಿನ ಹಿಂದೆ ಕಟ್ಟಿಕೊಳ್ಳಲು ಹೇಳಿದರು. ದುಂಡವಿಲ್ಲ, ದೀಪವಿಲ್ಲ, ಸಂಗೀತವಿಲ್ಲ. ಅವರು ಬೇಳೆ ಹಿಡಿದರು, ಕಾಳು ಕಡಿದರು, ಸೆರಗಿಗೆ ಕೈ ಒರೆಸಿಕೊಂಡರು. “ನಾ ಕದ್ದಿಲ್ಲ, ಸತ್ತಿಲ್ಲ, ಎಲೆಕ್ಷನ್ನಿಗಿ ನಿಂತಿಲ್ಲ” ಎಂದು ಮೂರು ಮಾತು ಹೇಳಿ ಎದ್ದುಹೋದರು. ವಿಡಿಯೊ ಹಾಗೆಯೇ ಹೋಯಿತು.

ಓಣಿ ಅದನ್ನು ಬಹಳ ಅನುಮಾನದಿಂದ ನೋಡಿತು. “ಇಷ್ಟ್ ಸಾದಾ ಯಾರ್ ಮಾಡ್ತಾರ್ರಿ?” ಎಂದರು ಕಸ್ತೂರಿಬಾಯಿ. “ಇದರಾಗ ಏನೋ ಕಟ್ ಮಾಡ್ಯಾರ.”

ಆದರೂ ವಾರದೊಳಗೆ ಅದೇ ಕಸ್ತೂರಿಬಾಯಿ ಮಗಳ ಮನೆಗೆ ಜನವಾಡಕ್ಕೆ ಹೊರಟವರು ಪಡಸಾಲೆಗೆ ಬಂದು ಕೀಲಿಕೈಯನ್ನು ತಮ್ಮ ಹಳೆಯ ಮೊಳೆಗೆ ಸಿಕ್ಕಿಸಿದರು. ಅನುಸೂಯಾಬಾಯಿಯವರ ಕಣ್ಣು ತೇವವಾಯಿತು.

“ನನ್ನ ಮ್ಯಾಲ ಭರೋಸಾ ಬಂತೇನ್ರಿ?”

“ಭರೋಸಾ ಬರ್ದೇ ಏನ್ರಿ? ಎಲೆಕ್ಷನ್ ಮುಗಿಯೋತನ ನೀವು ಒಂದ್ ಕಡ್ಡಿ ಸೈತ ಮುಟ್ಟಂಗಿಲ್ಲ. ಓಣ್ಯಾಗ ಎಲ್ಲಾರೂ ಅದೇ ಅಂದ್ರು.”

ಒಂದು ಗಳಿಗೆ ಅನುಸೂಯಾಬಾಯಿಯವರು ಆ ಕೀಲಿಕೈಯನ್ನು ತೆಗೆದು ಕಸ್ತೂರಿಬಾಯಿಯ ಕೈಗೇ ತುರುಕುವವರಂತೆ ಕಂಡರು. ಆಮೇಲೆ, “ನೀವ್ ಬರೋತನ ಹಾಲಿನವನಿಗಿ ಏನ್ ಹೇಳ್ಲಿ?” ಎಂದು ಕೇಳಿದರು.

ಈಗ ಓಣಿಯ ಎಲ್ಲ ಮನೆಗಳ ಕೀಲಿಕೈಗಳೂ ಅವರ ಗೋಡೆಯ ಮೇಲಿವೆ. ವಾರ್ಡ್ ಚುನಾವಣೆಯ ದಿನಾಂಕ ಇನ್ನೂ ಪ್ರಕಟವಾಗಿಲ್ಲ. ಅನುಸೂಯಾಬಾಯಿಯವರು ಸ್ಪರ್ಧಿಸುವುದಿಲ್ಲ, ಹಾಗೆಂದು ಕೇಳಿದವರಿಗೆಲ್ಲ ಹೇಳುತ್ತಾರೆ, ಯಾರೂ ನಂಬುವುದಿಲ್ಲ.