ಚೀಟಿ ಕೊಟ್ಟರೆ ಯುದ್ಧ ಎಲ್ಲಿಂದ?

ಬಹರೈನಿನಲ್ಲಿ ಕೂತು ಅಮೆರಿಕದ ಅಂತರ್ಯುದ್ಧವನ್ನು ತಾಳಮದ್ದಳೆ ಮಾಡಿದವರು ನಾವು. ಇದನ್ನು ಹೇಳುವಾಗ ನನ್ನ ತಲೆ ಈಗಲೂ ಒಂದು ಗೇಣು ಎತ್ತರದಲ್ಲೇ ಇರುತ್ತದೆ, ನಗುವವರು ನಗಲಿ. ತೊಂಬತ್ತರ ದಶಕದ ನಡುವಿನ ಒಂದು ಶುಕ್ರವಾರ, ಮಧ್ಯಾಹ್ನದ ಊಟವಾದ ಮೇಲೆ, ಎ.ಸಿ. ಸರಿಯಾಗಿ ಓಡದ ಒಂದು ಬಾಡಿಗೆ ಹಾಲಿನಲ್ಲಿ ನನ್ನ ಗಂಡ ಹತ್ತಿ ತೋಟದ ಧಣಿಯಾಗಿ ಕೂತಿದ್ದರು. ಅವರ ಎದುರು ಆ ತೋಟದ ಗುಲಾಮ ಹೆಂಗಸಾಗಿ ಕೂತವಳು ನಾನು.

ಅದು ಶುರುವಾದದ್ದು ನನ್ನ ಬಾಯಿಯಿಂದಲೇ. ನಾನು ಅಲ್ಲಿನ ಒಂದು ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದೆ. ನನ್ನ ಗಂಡ ಮೀನಾ ಸಲ್ಮಾನ್ ಬಂದರಿನಲ್ಲಿ ಹಡಗು ರಿಪೇರಿ ಮಾಡುವ ಒಂದು ವರ್ಕ್‌ಶಾಪಿಗೆ ಮ್ಯಾನೇಜರ್. ಮಾಹೂಝಿನ ನಮ್ಮ ಫ್ಲ್ಯಾಟಿನಲ್ಲಿ ಶುಕ್ರವಾರವೆಂದರೆ ಮದ್ದಳೆಯ ಸದ್ದು. ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದ ನಮ್ಮ ಊರ ಕಡೆಯ ಒಬ್ಬರು ಭಾಗವತರು. ಅವರು ಪದ್ಯ ಹಾಡುವುದು, ನನ್ನ ಗಂಡ ಅರ್ಥ ಹೇಳುವುದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಂಡ ಮಾತೂ ಇಲ್ಲ. ಪಂಚೆ ಉಟ್ಟು, ಶಾಲು ಹೊದ್ದು, ಕೂತಲ್ಲೇ ಎದುರಾಳಿಯ ಮಾತಿಗೆ ಮಾತು ಕೊಡಬೇಕು. ಆ ಮಾತಿನಲ್ಲಿ ನನ್ನ ಗಂಡನನ್ನು ಕಟ್ಟಿಹಾಕಿದವರು ಇಡೀ ದ್ವೀಪದಲ್ಲಿ ಇರಲಿಲ್ಲ. ಆ ಹೆಮ್ಮೆ ಅವರಿಗೂ ಇತ್ತು, ಸುಳ್ಳು ಯಾಕೆ, ನನಗೂ ಇತ್ತು.

ಅದಕ್ಕೂ ಮೊದಲಿನ ಒಂದು ಶುಕ್ರವಾರ ಭಾಗವತರು ಬೇಸರದಲ್ಲಿದ್ದರು. “ಅದೇ ಕರ್ಣ, ಅದೇ ಕೃಷ್ಣ. ಹೊಸ ಪ್ರಸಂಗ ಎಂತಾದ್ರೂ ಬೇಕು ಮಾರಾಯ್ರೆ” ಎಂದರು. ನಾನು ಆ ವಾರವಿಡೀ ಮಕ್ಕಳಿಗೆ ಅಮೆರಿಕದ ಪಾಠ ಮಾಡಿ, ಅವು ಆಕಳಿಸುವುದನ್ನು ನೋಡಿ ಉರಿದುಹೋಗಿದ್ದೆ. ಅಡುಗೆಮನೆಯಿಂದಲೇ ಕೂಗಿ ಹೇಳಿದೆ.

“ಅಮೆರಿಕದ ಯುದ್ಧವಾ?” ಭಾಗವತರು ತಾಳ ಕೆಳಗಿಟ್ಟರು. “ಅದಕ್ಕೂ ನಮಗೂ ಎಂತ ಸಂಬಂಧ ಅಕ್ಕ?”

“ಸಂಬಂಧ ಇಲ್ಲದೆ ಎಂತ? ಅಲ್ಲಿ ಯುದ್ಧ ಆಗಿ ಇಂಗ್ಲೆಂಡಿಗೆ ಹೋಗುವ ಹತ್ತಿಯ ಹಡಗು ನಿಂತದ್ದಕ್ಕೇ ಧಾರವಾಡದ ಹತ್ತಿಗೆ ಒಮ್ಮೆ ಬಂಗಾರದ ರೇಟು ಬಂದದ್ದು. ಅಲ್ಲಿಯವರ ಕಣ್ಣೀರಲ್ಲಿ ಇಲ್ಲಿ ಮಹಡಿ ಮನೆ ಕಟ್ಟಿದವರು ಇದ್ದಾರೆ.”

ಆಮೇಲೆ ನನ್ನನ್ನು ನಿಲ್ಲಿಸುವವರು ಯಾರೂ ಇರಲಿಲ್ಲ. ಗುಲಾಮರಿಗೆ ಅಕ್ಷರ ಕಲಿಸಿದರೆ ಶಿಕ್ಷೆ ಎಂದು ಕಾನೂನು ಮಾಡಿದ್ದ ಸೀಮೆಗಳವು. ಆದರೂ ಕದ್ದು ಕಲಿತರು. ತಪ್ಪಿಸಿಕೊಂಡು ಓಡಿದವರು ತಮ್ಮ ಬಾಳನ್ನು ತಾವೇ ಬರೆದರು. ಬೆನ್ನ ಮೇಲಿನ ಬಾಸುಂಡೆಯನ್ನು ಪುಸ್ತಕ ಮಾಡಿ ಓದುವವರ ಕೈಯಲ್ಲಿಟ್ಟರು. ಓದಿದವರಿಗೆ ತುತ್ತು ನುಂಗಲಾಗಲಿಲ್ಲ. ಯುದ್ಧ ಮುಗಿದು ಬಿಡುಗಡೆಯಾದಾಗ ಅಜ್ಜಿ ಮೊಮ್ಮಗಳು ಒಂದೇ ಬೆಂಚಿನಲ್ಲಿ ಕೂತು ಅಕ್ಷರ ತಿದ್ದಿದರು. ಮಾರಾಟವಾಗಿ ಹೋದ ಮಗ, ಮಗಳು, ತಂಗಿ ಎಲ್ಲಿದ್ದಾರೆಂದು ಪತ್ರಿಕೆಗಳಲ್ಲಿ ಹುಡುಕಾಟದ ಪ್ರಕಟಣೆ ಹಾಕಿಸಿದರು, ವರ್ಷಗಟ್ಟಲೆ. ಸೋತ ಕಡೆಯವರೇನು ಸುಮ್ಮನಿದ್ದರೇ? ತಮ್ಮ ದೊಡ್ಡ ಮನೆ, ತಮ್ಮ ಔದಾರ್ಯ, ಧಣಿಯನ್ನು ಕಂಡರೆ ಪ್ರಾಣ ಬಿಡುವ ಆಳುಗಳು ಎಂದು ಅವರೂ ಕಣ್ಣೀರಿನ ಕಥೆ ಬರೆದರು. ಬಂದೂಕಿನ ಯುದ್ಧ ಕೆಲವೇ ವರ್ಷ. ಪುಸ್ತಕದ ಯುದ್ಧ ಇನ್ನೂ ಮುಗಿದಿಲ್ಲ.

ಭಾಗವತರ ಕಣ್ಣು ಹೊಳೆಯಿತು. ಅವರು ಒಳ್ಳೆಯ ಪದ್ಯ ಕಟ್ಟುತ್ತಿದ್ದರು. ಗುಲಾಮರು ತೋಟದ ಗಡಿ ದಾಟಬೇಕಾದರೆ ಧಣಿ ಬರೆದುಕೊಟ್ಟ ಚೀಟಿ ಕೈಯಲ್ಲಿರಬೇಕಿತ್ತು ಎಂದು ನಾನು ಹೇಳಿದ್ದೇ ಅವರಿಗೆ ಸಾಕಾಯಿತು. ಮಾರಿಹೋದ ಮಗಳನ್ನು ನೋಡಿ ಬರಲು ತಾಯಿಯೊಬ್ಬಳು ಚೀಟಿ ಕೇಳುತ್ತಾಳೆ, ಧಣಿ ಕೊಡುವುದಿಲ್ಲ, ಅವಳು ಓಡಿಹೋಗಿ ಉತ್ತರದ ಸೇನೆಯನ್ನು ಸೇರುತ್ತಾಳೆ, ಅಲ್ಲಿಂದ ಯುದ್ಧ. ಪ್ರಸಂಗ ಸಿದ್ಧವಾಯಿತು. ಧಣಿ ಯಾರೆಂದು ಕೇಳುವ ಹಾಗೇ ಇರಲಿಲ್ಲ. ತಾಯಿಯ ಅರ್ಥಕ್ಕೆ ಮಾತ್ರ ಗಂಡಸರ ಹೆಸರು ಒಂದೊಂದಾಗಿ ಬಂತು. ಕೇಳಿ ಕೇಳಿ ನನಗೆ ಪಿತ್ತ ನೆತ್ತಿಗೇರಿತು.

“ಯಾಕೆ, ನಮ್ಮ ಕನ್ನಡ ಸಂಘದ ಹೆಂಗಸರು ಪಾಯಸ ಕಲಕಲಿಕ್ಕೇ ಹುಟ್ಟಿದ್ದಾ? ಈ ತಾಯಿ ನಾನೇ.”

“ನನ್ನ ಎದುರು ಕೂತು ಮಾತಾಡ್ತೀಯಾ?” ಗಂಡ ನಕ್ಕರು.

“ಮನೆಯಲ್ಲಿ ದಿನಾ ಮಾಡುದು ಮತ್ತೆಂತ?”

ಇದೆಲ್ಲ ನಗುತ್ತಾ ನಡೆದದ್ದು. ನಗು ನಿಂತದ್ದು ತಾಳಮದ್ದಳೆಗೆ ನಾಲ್ಕು ದಿನ ಇರುವಾಗ. ನಮ್ಮ ಬಾಲ್ಕನಿಯ ಗ್ರಿಲ್ಲಿಗೆ ಬೆಸುಗೆ ಹಾಕಲು ಗಂಡನ ವರ್ಕ್‌ಶಾಪಿನ ವೆಲ್ಡರ್ ಬಂದಿದ್ದ. ಉಪ್ಪಿನಂಗಡಿ ಕಡೆಯ ಬ್ಯಾರಿ ಹುಡುಗ, ಮೂವತ್ತು ದಾಟಿರಲಿಕ್ಕಿಲ್ಲ. ಕೆಲಸ ಮುಗಿಸಿ ಚಹಾ ಕುಡಿಯುವಾಗ ಅವನ ಕಣ್ಣು ತುಂಬಿತು.

“ಅಕ್ಕ, ಮುಂದಿನ ವಾರ ಗುರುವಾರ ತಂಗಿಯ ನಿಕಾಹ್. ಅಪ್ಪ ಇಲ್ಲ. ಮದುಮಗನ ಕೈ ಹಿಡಿದು ಅವಳನ್ನು ಒಪ್ಪಿಸಿ ಕೊಡ್ಲಿಕ್ಕೆ ನಾನೇ ಆಗ್ಬೇಕು. ರಜೆ ಕೇಳಿದೆ, ಸಾರ್ ಈಗ ಆಗುದಿಲ್ಲ ಅಂದ್ರು. ಪಾಸ್‌ಪೋರ್ಟ್ ಆಫೀಸಿನ ಕಪಾಟಿನಲ್ಲಿ ಉಂಟು. ನೀವೊಮ್ಮೆ ಹೇಳ್ತೀರಾ?”

ಆ ದಿನಗಳಲ್ಲಿ ಅದು ಎಲ್ಲ ಕಡೆಯ ರೂಢಿ. ಕೆಲಸಕ್ಕೆ ಸೇರಿದ ದಿನ ಪಾಸ್‌ಪೋರ್ಟ್ ಕಂಪನಿಗೆ ಹೋಗುತ್ತಿತ್ತು. ರಜೆ ಮಂಜೂರಾದಾಗ ಕೈಗೆ ಬರುತ್ತಿತ್ತು. ಯಾರಿಗೂ ಅದರಲ್ಲಿ ವಿಶೇಷ ಕಾಣುತ್ತಿರಲಿಲ್ಲ. ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ.

“ಹಡಗೊಂದು ಬಂದು ನಿಂತಿದೆ ಮಾರಾಯ್ತಿ” ಎಂದರು ಅವರು, ಸಾರು ಕಲಸುತ್ತಾ. “ಈಗ ಬಿಟ್ಟರೆ ಕೆಲಸ ಮಾಡುದು ಯಾರು? ಒಬ್ಬನನ್ನು ಬಿಟ್ಟರೆ ನಾಳೆ ಹತ್ತು ಮಂದಿ ಬಾಗಿಲಲ್ಲಿ ನಿಲ್ತಾರೆ. ಊಟ, ರೂಮು, ಡಾಕ್ಟರು, ಎಂತ ಕಡಿಮೆ ಮಾಡಿದ್ದೇವೆ ಅವರಿಗೆ? ಹೋದವ ಮರಳಿ ಬರ್ತಾನೆ ಅಂತ ಗ್ಯಾರಂಟಿ ಎಂತ? ನಿಕಾಹಿಗೆ ಚಿಕ್ಕಪ್ಪನೋ ಯಾರೋ ನಿಂತರೂ ಆಗ್ತದೆ.”

“ನಿಮ್ಮ ತಂಗಿಯ ಧಾರೆಗೆ ಯಾರೋ ನಿಂತಿದ್ದರಾ?”

ಅವರು ಮಜ್ಜಿಗೆ ಹಾಕಿಕೊಂಡರು. ಕೆಟ್ಟ ಮನುಷ್ಯರಲ್ಲ. ಕೆಲಸಗಾರನಿಗೆ ಜ್ವರ ಬಂದರೆ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವರು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಶುಕ್ರವಾರ ಹಾಲ್ ತುಂಬಿತು. ಮುಂದಿನ ಸಾಲುಗಳಲ್ಲಿ ಸಂಘದ ಕುಟುಂಬಗಳು, ಹಿಂದೆ ವರ್ಕ್‌ಶಾಪಿನ ಹುಡುಗರು. ಅವರನ್ನು ಬಸ್ಸು ಮಾಡಿ ಕರೆಸಿದವರು ನನ್ನ ಗಂಡನೇ; ತನ್ನ ಮಾತುಗಾರಿಕೆಯನ್ನು ಅವರೂ ನೋಡಲಿ ಎಂಬ ಆಸೆ. ವೆಲ್ಡರನೂ ಬಂದಿದ್ದ. ಭಾಗವತರು ಪದ್ಯ ಎತ್ತಿದರು:

ಮಗಳ ಮಾರಿದೆ ನನ್ನ ಮುಂದೆಯೆ
ಜಗಳಕಲ್ಲೈ ಧಣಿಯೆ ಬಂದುದು
ಮೊಗವ ನೋಡಲು ಚೀಟಿ ಬರೆಯೈ ಮರಳಿ ಬರುವೆನು ನಾ

ನಾನು ಅರ್ಥ ಹೇಳಿದೆ. ನನ್ನ ಗಂಡ ಶಾಲು ಸರಿಮಾಡಿಕೊಂಡು ನಿಧಾನಕ್ಕೆ ಶುರು ಮಾಡಿದರು. ಆಹಾ, ಏನು ಗತ್ತು ಆ ಮನುಷ್ಯನದ್ದು! ಧಣಿಯೆಂದರೆ ಅವನೇ ಎನಿಸಬೇಕು, ಹಾಗೆ. ತಾಳಮದ್ದಳೆಯ ಧರ್ಮವೇ ಅದು: ದುರ್ಯೋಧನನಾದರೂ ಸರಿ, ಅವನ ಪಕ್ಷವನ್ನು ಮನಸಾರೆ ಹಿಡಿಯಬೇಕು, ಬೇಕೆಂದೇ ಸೋಲಬಾರದು. ಬರೆದುಕೊಂಡ ಮಾತಿಲ್ಲವಾದ್ದರಿಂದ ಬಾಯಿಗೆ ಬರುವುದು ಒಳಗಿದ್ದದ್ದೇ.

“ಎಲೌ ಹೆಣ್ಣೆ, ನಿನ್ನ ಹೊಟ್ಟೆಗೆ ಅನ್ನ ಯಾರದು? ತಲೆಯ ಮೇಲಿನ ಸೂರು ಯಾರದು? ಕಾಯಿಲೆ ಬಿದ್ದರೆ ವೈದ್ಯನನ್ನು ಕರೆಸುವವರು ಯಾರು? ನಿನಗೆ ನಾವು ಕಡಿಮೆ ಮಾಡಿದ್ದಾದರೂ ಏನನ್ನು? ಹತ್ತಿ ಅರಳಿ ನಿಂತ ಈ ಹೊತ್ತಿನಲ್ಲಿ ನಿನ್ನನ್ನು ಬಿಟ್ಟರೆ ಬಿಡಿಸುವವರು ಯಾರು? ಒಬ್ಬಳನ್ನು ಬಿಟ್ಟರೆ ನಾಳೆ ಹತ್ತು ಮಂದಿ ಬಾಗಿಲಲ್ಲಿ ನಿಲ್ಲುತ್ತಾರೆ. ಹೋದವಳು ಮರಳಿ ಬರುವೆಯೆಂಬುದಕ್ಕೆ ಭರವಸೆ ಏನು?”

ಮುಂದಿನ ಸಾಲು ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹುಡುಗರು ಈ ಮಾತುಗಳನ್ನು ಮೊದಲೇ ಕೇಳಿದ್ದರು. ನಾನೂ ಕೇಳಿದ್ದೆ, ಸಾರು ಅನ್ನದ ತಟ್ಟೆಯ ಮುಂದೆ. ಗ್ರಂಥದ ಕನ್ನಡ ಹೊದ್ದುಕೊಂಡು ಅವವೇ ಮಾತುಗಳು ಬರುತ್ತಿದ್ದವು, ಹೇಳುವವರಿಗೆ ಗೊತ್ತೇ ಇರಲಿಲ್ಲ!

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಗುಲಾಮಗಿರಿಗೂ ನಮ್ಮ ಗಲ್ಫ್ ನೌಕರಿಗೂ ಸಮ ಹಚ್ಚುವಷ್ಟು ಬುದ್ಧಿಗೇಡಿ ನಾನಲ್ಲ. ಅವರನ್ನು ಸರಪಳಿ ಹಾಕಿ ತಂದರು; ನಾವು ವೀಸಾಕ್ಕೆ ಹಂಬಲಿಸಿ, ವಿಮಾನ ಹತ್ತಿ ಬಂದವರು. ಆದರೆ ಧಣಿಯ ಬಾಯಿಯ ಸಮಾಧಾನ ಮಾತ್ರ ಎಲ್ಲ ಕಾಲಕ್ಕೂ ಒಂದೇ ಅಂಗಡಿಯ ಮಾಲು.

“ಒಡೆಯಾ” ಎಂದೆ. “ನಮ್ಮನ್ನು ಚೆನ್ನಾಗಿ ನೋಡಿಕೊಂಡೆನೆಂದು ನೀನೇ ಹೇಳಿದೆ. ಒಪ್ಪಿದೆ. ಚೆನ್ನಾಗಿ ನೋಡಿಕೊಂಡವನಿಗೆ, ಬಿಟ್ಟರೆ ಮರಳಿ ಬಾರಳೆಂಬ ಭಯವೇಕೆ? ಭಯ ನಿಜವಾದರೆ ನೋಡಿಕೊಂಡದ್ದು ಸುಳ್ಳು. ನೋಡಿಕೊಂಡದ್ದು ನಿಜವಾದರೆ ಚೀಟಿ ಕೊಡಲು ಅಡ್ಡಿಯಿಲ್ಲ. ಇನ್ನೂ ಒಂದು ಕೇಳು. ನಿನ್ನ ಹಸುಗೂಸನ್ನು ನನ್ನ ಮಡಿಲಲ್ಲಿ ಬಿಟ್ಟು ದಿನಗಟ್ಟಲೆ ಊರಾಚೆ ಹೋಗುತ್ತಿದ್ದೆಯಲ್ಲ, ಆಗ ಯಾವ ಭರವಸೆ ಕೇಳಿದ್ದೆ? ನಿನ್ನ ಕೂಸನ್ನು ನಂಬಿ ಕೊಟ್ಟ ಕೈಗೆ ಒಂದು ಚೂರು ಕಾಗದವನ್ನು ನಂಬಿ ಕೊಡಲಾರೆಯಾ?”

ಅವರು ಬಾಯಿ ತೆರೆದರು. ಅಷ್ಟರಲ್ಲಿ ಕಣ್ಣು ಹಾಲಿನ ಹಿಂಬದಿಗೆ ಹೋಯಿತು. ವೆಲ್ಡರ ತಲೆ ತಗ್ಗಿಸಿ ಕೂತಿದ್ದ. ನನ್ನ ಗಂಡನ ಮುಖದ ಬಣ್ಣ ಇಳಿದದ್ದನ್ನು ನಾನು ಕಂಡೆ. ತಾನು ಈವರೆಗೆ ಏನು ಹೇಳುತ್ತಿದ್ದೆನೆಂದು ಅವರಿಗೆ ಆಗ ಕೇಳಿಸಿತು. ಉತ್ತರ ಹೊಳೆಯದ ಅರ್ಥಧಾರಿಗೆ ಒಂದು ಉಪಾಯವಿದೆ: ಭಾಗವತರತ್ತ ಕಣ್ಣು ಮಿಟುಕಿಸಿದರೆ ಅವರು ಮುಂದಿನ ಪದ್ಯಕ್ಕೆ ಹಾರಿ ಮಾನ ಉಳಿಸುತ್ತಾರೆ. ಭಾಗವತರು ತಾಳ ಎತ್ತಿಯೂ ಆಗಿತ್ತು. ನನ್ನ ಗಂಡ ಕೈ ಅಡ್ಡ ಮಾಡಿ ನಿಲ್ಲಿಸಿದರು.

“ಉತ್ತರವಿಲ್ಲ ತಾಯೀ. ಸೋತೆ. ಚೀಟಿ ಬರೆದುಕೊಟ್ಟೆ, ಹೋಗಿ ಬಾ.”

ಎಂಥ ಎಡವಟ್ಟು! ಧಣಿ ಚೀಟಿ ಕೊಟ್ಟರೆ ತಾಯಿ ಓಡಿಹೋಗುವುದಿಲ್ಲ, ಓಡದಿದ್ದರೆ ಯುದ್ಧವಿಲ್ಲ, ಇನ್ನೂ ಅರ್ಧಕ್ಕರ್ಧ ಪ್ರಸಂಗ ಬಾಕಿ. ಮದ್ದಳೆಯವರು ಬಾಯಿ ಬಿಟ್ಟು ಕೂತರು. ಭಾಗವತರು ಬಗ್ಗಿ ಪಿಸುಗುಟ್ಟಿದ್ದು ಮೈಕಿನಲ್ಲಿ ಇಡೀ ಹಾಲಿಗೆ ಕೇಳಿತು: “ಅಯ್ಯೋ ಮಾರಾಯ್ರೆ, ಚೀಟಿ ಕೊಟ್ಟರೆ ಯುದ್ಧ ಎಲ್ಲಿಂದ ಮಾಡುದು?”

ಜನ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಗೆದ್ದೆನೆಂದು ಎದೆ ಉಬ್ಬಿತ್ತು, ಆದರೆ ಪ್ರಸಂಗ ನನ್ನ ಕೈಯಲ್ಲಿತ್ತು.

“ನನಗೊಬ್ಬಳಿಗೆ ಕೊಟ್ಟೆ ಒಡೆಯಾ” ಎಂದೆ. “ನಾಳೆ ಬಾಗಿಲಲ್ಲಿ ನಿಲ್ಲುವ ಆ ಹತ್ತು ಮಂದಿಗೆ? ಅವರಿಗೆಲ್ಲ ಕೊಡುವ ಮನಸ್ಸು ನಿನಗಿದ್ದೀತು. ನಿನ್ನ ರಾಜ್ಯಕ್ಕಿಲ್ಲ. ಈ ಚೀಟಿ ನಿನ್ನಲ್ಲೇ ಇರಲಿ. ಚೀಟಿಯೇ ಬೇಡದ ದಿನ ತರಲು ಹೊರಟೆ.”

“ಭಲೇ!” ಎಂದರು ಭಾಗವತರು, ಹಾಡುವುದನ್ನೂ ಮರೆತು. ಆಮೇಲೆ ಚೆಂಡೆಯ ಪೆಟ್ಟು ಬಿತ್ತು ನೋಡಿ, ಯುದ್ಧ ಹೊರಟಿತು. ಹಿಂದಿನ ಸಾಲಿನ ಹುಡುಗರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಮನೆಗೆ ಬರುವಾಗ ನನ್ನ ಗಂಡ ಕಣ್ಣು ರಸ್ತೆಯಲ್ಲೇ ಇಟ್ಟು ಕಾರು ಓಡಿಸಿದರು. ಸಿಟ್ಟೆಂದುಕೊಂಡೆ. ಕೊನೆಗೆ ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿದರು: “ಆ ಕೂಸಿನ ಮಾತು ಎಲ್ಲಿಂದ ಬಂತು ಮಾರಾಯ್ತಿ ನಿನಗೆ? ನನಗೆ ಹೊಳೀತಿರಲಿಲ್ಲ.” ಅವರ ಬಾಯಿಂದ ಅದಕ್ಕಿಂತ ದೊಡ್ಡ ಬಿರುದು ನನಗೆ ಮುಂಚೆಯೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ.

ಶನಿವಾರ ಬೆಳಿಗ್ಗೆ ಅವರು ನೇರ ತಮ್ಮ ಅರ್ಬಾಬನ ಬಳಿ ಹೋದರಂತೆ. ಅರ್ಬಾಬ್ ಎಂದರೆ ವರ್ಕ್‌ಶಾಪಿನ ಮಾಲೀಕ, ವಯಸ್ಸಾದ ಅರಬ್ಬಿ. ಕಪಾಟಿನ ಕೀಲಿ ನನ್ನ ಗಂಡನಲ್ಲಿದ್ದರೂ ಹುಕುಂ ಆತನದ್ದು. ಮುರುಕು ಅರಬ್ಬಿಯಲ್ಲಿ, ಹಿಂದಿ ಬೆರೆಸಿ, ಶುಕ್ರವಾರದ ನನ್ನ ವಾದವನ್ನೇ ಆತನ ಮುಂದೆ ಒಪ್ಪಿಸಿದರಂತೆ. ಹೋದವರು ಮರಳದಿದ್ದರೆ ತನ್ನ ಕೆಲಸ ತೆಗೆಯಿರಿ ಎಂದೂ ಸೇರಿಸಿದರಂತೆ. ಅರ್ಬಾಬ್ ಗಡ್ಡ ನೀವಿಕೊಂಡು ಒಂದು ಗಾವಾ ಕಾಫಿ ಕುಡಿಸಿ, “ಖಲಾಸ್, ಆಯ್ತು, ನಿನ್ನ ಜವಾಬ್ದಾರಿ” ಎಂದನಂತೆ. ಸೋಲನ್ನು ಎಲ್ಲರೆದುರು ಒಪ್ಪಿಕೊಂಡು, ಮರುದಿನ ಅದನ್ನೇ ಹೊತ್ತುಕೊಂಡು ಹೋಗಿ ಇನ್ನೊಂದು ಕಡೆ ಗೆದ್ದು ಬರುವ ಅರ್ಥಧಾರಿಯನ್ನು ನಾನು ಬೇರೆ ನೋಡಿಲ್ಲ. ವೆಲ್ಡರ ಮಂಗಳವಾರ ವಿಮಾನ ಹತ್ತಿದ, ಗುರುವಾರ ಮದುಮಗನ ಕೈ ಹಿಡಿದ, ಹೇಳಿದ ದಿನವೇ ಮರಳಿ ಬಂದು ಕೆಲಸಕ್ಕೆ ನಿಂತ.

ಆದರೆ ಅದೆಲ್ಲ ಆಮೇಲಿನದು. ಆ ಶನಿವಾರ ಮಧ್ಯಾಹ್ನ ಊಟಕ್ಕೆ ಬಂದವರು ಕೂರುವ ಮೊದಲೇ ನಡೆದದ್ದನ್ನೆಲ್ಲ ಹೇಳಿದರು. “ಬೇಕೆಂದವರಿಗೆಲ್ಲ ಕೊಟ್ಟೆ. ಕಪಾಟು ಖಾಲಿ” ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಆಗ ಅವರು ಶರ್ಟಿನ ಕಿಸೆಯಿಂದ ಒಂದು ಪಾಸ್‌ಪೋರ್ಟ್ ತೆಗೆದು ನನ್ನ ಮುಂದೆ ಹಿಡಿದರು.

“ಇದು ಎಂತ?”

“ನಿನ್ನದು. ಫ್ಯಾಮಿಲಿ ವೀಸಾದ್ದೆಲ್ಲ ಆ ಕಪಾಟಿನಲ್ಲೇ ಇದ್ದದ್ದಲ್ವಾ. ನೀನು ಯಾವತ್ತೂ ಕೇಳಲಿಲ್ಲ, ನನಗೂ ನೆನಪಾಗಲಿಲ್ಲ. ನಿನ್ನ ಹತ್ತಿರವೇ ಇರಲಿ.”

ಮದುವೆಯಾದ ಹೊಸತರಲ್ಲಿ ಏರ್‌ಪೋರ್ಟಿನಿಂದ ಹೊರಬಂದ ದಿನ ಅವರ ಕೈಗೆ ಕೊಟ್ಟಿದ್ದೆ. ರಜೆಗೆ ಊರಿಗೆ ಹೋಗುವಾಗ ಅವರೇ ತರುತ್ತಿದ್ದರು, ಅವರೇ ಕೌಂಟರಿನಲ್ಲಿ ತೋರಿಸುತ್ತಿದ್ದರು, ಅವರೇ ಮರಳಿ ಒಯ್ಯುತ್ತಿದ್ದರು. ನೂರಾರು ಜನರೆದುರು ಚೀಟಿಗಾಗಿ ವಾದ ಮಾಡಿ ಗೆದ್ದವಳು ನಾನು. ನನ್ನದೂ ಅದೇ ಕಪಾಟಿನಲ್ಲಿದೆಯೆಂಬುದು ನನ್ನ ತಲೆಗೇ ಬಂದಿರಲಿಲ್ಲ. ತೆರೆದು ನೋಡಿದೆ. ಫೋಟೋದಲ್ಲಿ ಎರಡು ಜಡೆ ಹಾಕಿದ ಹುಡುಗಿ ಗಾಬರಿಯಲ್ಲಿ ನನ್ನನ್ನೇ ನೋಡುತ್ತಿದ್ದಳು.

ಅವರು ಕೈ ತೊಳೆದು ಊಟಕ್ಕೆ ಕೂತರು. ನಾನು ಪಾಸ್‌ಪೋರ್ಟ್ ಹಿಡಿದು ಕೋಣೆಯಿಂದ ಕೋಣೆಗೆ ಹೋದೆ. ಇಷ್ಟು ವರ್ಷ ನಾನೇ ನಡೆಸಿದ ಮನೆಯಲ್ಲಿ ಅದನ್ನು ಎಲ್ಲಿಡಬೇಕೆಂದು ನನಗೆ ಗೊತ್ತಾಗಲಿಲ್ಲ.